ಬ್ಯಾಡಗಿ ದರಪಟ್ಟಿ ಹಿಡಿದು ಅಜೈಲ್: ಎಂಬಿಎ ಬಿಸಿನೆಸ್ ಅನಲಿಟಿಕ್ಸ್ ಕಲಿಸುವವರಿಗೆ ಒಂದು ಮಾರ್ಗದರ್ಶಿ

ಬಿಸಿನೆಸ್ ಅನಲಿಟಿಕ್ಸ್ ಪ್ರಾಜೆಕ್ಟುಗಳ ಹಣೆಬರಹ ಬಹುತೇಕ ಕಾಲೇಜುಗಳಲ್ಲಿ ಒಂದೇ. ರಿಪೋರ್ಟಿನ ಮೇಲೆ ಐದು ಹೆಸರು. ಕೋಡ್ ಬರೆದವರು ಒಬ್ಬರು, ಪಿಪಿಟಿ ಮಾಡಿದವರು ಇನ್ನೊಬ್ಬರು, ಉಳಿದ ಮೂವರು ಪ್ರಿಂಟು-ಬೈಂಡಿಂಗಿಗೆ ಓಡಾಡಿದವರು. ಡೇಟಾ ಎಲ್ಲೋ ದೂರದ ಟೆಲಿಕಾಂ ಕಂಪನಿಯ ಗ್ರಾಹಕರದ್ದು, ಇಂಟರ್ನೆಟ್ಟಿನಿಂದ ಇಳಿಸಿಕೊಂಡದ್ದು. ವೈವಾದಲ್ಲಿ "ನಿಮ್ಮ ಮಾಡೆಲ್ ನಂಬಿ ಯಾರು ಏನು ಮಾಡಬೇಕು?" ಅಂತ ಕೇಳಿದರೆ ಐವರೂ ಒಬ್ಬರ ಮುಖ ಒಬ್ಬರು ನೋಡುತ್ತಾರೆ.

ಹುಬ್ಬಳ್ಳಿ-ಧಾರವಾಡದ ತರಗತಿಗಳಲ್ಲಿ ಇದಕ್ಕೆ ಇನ್ನೊಂದು ಮುಖವೂ ಇದೆ. ಇಂಜಿನಿಯರಿಂಗ್ ಮುಗಿಸಿ ಬಂದವರಿಗೆ ಕೋಡ್ ಬರೆಯುವ ಪೈಥಾನ್ ಭಾಷೆ ಗೊತ್ತು, ಇಂಗ್ಲಿಷ್ ಮಾತು ಸಲೀಸು. ಹಾವೇರಿ, ಗದಗ, ರೋಣ, ಹಾನಗಲ್ ಕಡೆಯಿಂದ ಬಿ.ಕಾಂ ಮುಗಿಸಿ ಬಂದವರಿಗೆ ವ್ಯಾಪಾರ ಗೊತ್ತು, ಬೆಳೆ ಗೊತ್ತು, ಖಾತೆ-ಕಿರ್ದಿ ಗೊತ್ತು. ಆದರೆ ತಂಡದಲ್ಲಿ ಅವರ ಬಾಯಿ ಕಟ್ಟಿರುತ್ತದೆ. ಅನಲಿಟಿಕ್ಸ್‌ಗೆ ಬೇಕಾದ ಅರ್ಧ ಬುದ್ಧಿ ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತಿರುತ್ತದೆ.

ಸಾಫ್ಟ್‌ವೇರ್ ಕಂಪನಿಗಳ ಅಜೈಲ್ ಪದ್ಧತಿಯನ್ನು, ಅಂದರೆ ಕೆಲಸವನ್ನು ಸಣ್ಣ ಸಣ್ಣ ಕಂತಿನಲ್ಲಿ ಮುಗಿಸಿ, ತೋರಿಸಿ, ತಿದ್ದಿಕೊಳ್ಳುವ ಕ್ರಮವನ್ನು, ತರಗತಿಗೆ ತರಬೇಕು ಅಂತ ನಾನು ಹೇಳುವುದು ಈ ಕಾರಣಕ್ಕೆ. ಎರಡು ವಾರಕ್ಕೊಮ್ಮೆ ಪ್ರತಿ ತಂಡವೂ ನಿಜವಾದ ಒಬ್ಬ ವ್ಯಾಪಾರಿಯೋ ರೈತನೋ ಕೇಳಿದ ಪ್ರಶ್ನೆಗೆ ಒಂದು ಉತ್ತರ ಹಿಡಿದು ನಿಲ್ಲಬೇಕು, ಆ ಉತ್ತರ ಕಟ್ಟುವಾಗ ಐವರೂ ಬಾಯಿ ಬಿಡಲೇಬೇಕು. ಮುಂದೆ ಹೇಳುವ ಎಲ್ಲ ಹಂತಗಳೂ ಈ ಎರಡು ಕೆಲಸಕ್ಕಾಗಿಯೇ ಇವೆ.

ಅಜೈಲ್‌ನಿಂದ ಏನು ತಗೊಳ್ಳಬೇಕು

1986ರಲ್ಲಿ ಟಕೆಯುಚಿ ಮತ್ತು ನೊನಾಕ ಎಂಬ ಜಪಾನಿನ ಇಬ್ಬರು ವಿದ್ವಾಂಸರು ಹಾರ್ವರ್ಡ್ ಬಿಸಿನೆಸ್ ರಿವ್ಯೂನಲ್ಲಿ ಹೊಸ ಉತ್ಪನ್ನ ರೂಪಿಸುವ ತಂಡಗಳನ್ನು ರಗ್ಬಿ ಆಟದ ತಂಡಕ್ಕೆ ಹೋಲಿಸಿ ಬರೆದರು. ಜೆಫ್ ಸದರ್‌ಲ್ಯಾಂಡ್ ಮತ್ತು ಕೆನ್ ಶ್ವೇಬರ್ 1995ರಲ್ಲಿ, ಅದೇ ಆಟದಿಂದ ಹೆಸರು ಪಡೆದು ಸಣ್ಣ ತಂಡ ಸಣ್ಣ ಅವಧಿಗಳಲ್ಲಿ ಕೆಲಸ ಮುಗಿಸುವ ಸ್ಕ್ರಮ್ ಪದ್ಧತಿಯನ್ನು ಜನರ ಮುಂದಿಟ್ಟರು. 2001ರ ಫೆಬ್ರವರಿಯಲ್ಲಿ ಅಮೆರಿಕದ ಯೂಟಾ ರಾಜ್ಯದ ಸ್ನೋಬರ್ಡ್‌ನಲ್ಲಿ 17 ಮಂದಿ ಸೇರಿ ಅಜೈಲ್ ಪ್ರಣಾಳಿಕೆ ಬರೆದರು: 4 ಮೌಲ್ಯ, 12 ತತ್ವ. ಟೊಯೋಟಾ ಕಾರ್ಖಾನೆಯಿಂದ ಬಂದ, ಯಾವ ಕೆಲಸ ಎಲ್ಲಿಗೆ ಬಂತು ಅಂತ ತೋರಿಸುವ ಕಾನ್‌ಬಾನ್ ಬೋರ್ಡು ಆಮೇಲೆ ಇದರ ಜೊತೆ ಸೇರಿತು.

ತರಗತಿಗೆ ಇಷ್ಟು ಸಾಕು: ಸ್ಪ್ರಿಂಟ್ ಎಂಬ ಎರಡು ವಾರದ ಕಂತು, ಕೆಲಸದ ಪಟ್ಟಿಯಾದ ಬ್ಯಾಕ್‌ಲಾಗ್, ಗೋಡೆಯ ಬೋರ್ಡು, ನಿಂತು ಮಾತಾಡುವ ಸ್ಟ್ಯಾಂಡಪ್, ಕೊನೆಗೆ ರಿವ್ಯೂ (ಮಾಡಿದ ಕೆಲಸ ತೋರಿಸುವುದು) ಮತ್ತು ರೆಟ್ರೊ (ತಂಡ ಕೆಲಸ ಮಾಡಿದ ರೀತಿಯನ್ನು ತಿರುಗಿ ನೋಡುವುದು). ಸ್ಟೋರಿ ಪಾಯಿಂಟ್ ಲೆಕ್ಕ, ಬರ್ನ್‌ಡೌನ್ ಚಾರ್ಟ್, ವೆಲಾಸಿಟಿ ಎಂಬ, ಕೆಲಸದ ಗಾತ್ರ-ವೇಗ ಅಳೆಯುವ ಸಾಧನಗಳನ್ನೆಲ್ಲ ಮೊದಲ ಸೆಮಿಸ್ಟರಿನಲ್ಲಿ ಬಿಟ್ಟುಬಿಡಿ. ಹುಡುಗರು ಪಾಯಿಂಟ್ ಎಣಿಸುತ್ತಾ ಕೂತರೆ ಪ್ರಶ್ನೆ ಮರೆತುಹೋಗುತ್ತದೆ.

ಹಂತ 1: ಪ್ರಶ್ನೆ ಮಾರುಕಟ್ಟೆಯಿಂದ ಬರಲಿ

ಡೇಟಾ ಹುಡುಕುವ ಮೊದಲು ಪ್ರಶ್ನೆ ಕೇಳುವ ಮನುಷ್ಯನನ್ನು ಹುಡುಕಿ. ನಮ್ಮ ಭಾಗದಲ್ಲಿ ಇದಕ್ಕೆ ಬರವಿಲ್ಲ. ಹುಬ್ಬಳ್ಳಿಯ ಅಮರಗೋಳ ಎಪಿಎಂಸಿ ಇದೆ. 1905ರಲ್ಲಿ ಕಣಗಿನಹಾಳದಲ್ಲಿ ಕೃಷಿ ಸಹಕಾರ ಸಂಘ ಹುಟ್ಟಿದ ಗದಗ ಜಿಲ್ಲೆಯ ಸೊಸೈಟಿಗಳಿವೆ. ಊರಿನ ಕಿರಾಣಿ ಹೋಲ್‌ಸೇಲ್ ಅಂಗಡಿಯೂ ನಡೆಯುತ್ತದೆ. ಈ ಲೇಖನಕ್ಕೆ ನಾನು ಹಾವೇರಿ ಜಿಲ್ಲೆಯ ಬ್ಯಾಡಗಿ ಮೆಣಸಿನಕಾಯಿ ಮಾರುಕಟ್ಟೆಯನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳುತ್ತೇನೆ, ಏಕೆಂದರೆ ಅದರ ಡೇಟಾ ಯಾರಿಗಾದರೂ ಸಿಗುತ್ತದೆ. ಕೇಂದ್ರ ಸರ್ಕಾರದ ಅಗ್‌ಮಾರ್ಕ್‌ನೆಟ್ ಜಾಲತಾಣದಲ್ಲಿ ಮಾರುಕಟ್ಟೆವಾರು, ತಳಿವಾರು ಆವಕ ಮತ್ತು ಕ್ವಿಂಟಲ್‌ಗೆ ಕನಿಷ್ಠ, ಗರಿಷ್ಠ, ಮಾದರಿ (ಹೆಚ್ಚಿನ ಮಾಲು ಹೋದ) ದರ ಇರುತ್ತವೆ. ರಾಜ್ಯದ ಕೃಷಿ ಮಾರಾಟವಾಹಿನಿಯಲ್ಲೂ ನೋಡಬಹುದು.

ಪ್ರಶ್ನೆಯ ತೂಕ ಎಷ್ಟು ಅಂತ ವಿದ್ಯಾರ್ಥಿಗಳಿಗೆ ಮೊದಲ ದಿನವೇ ಗೊತ್ತಾಗಲಿ. 2024ರ ಮಾರ್ಚ್‌ನಲ್ಲಿ ದರ ಕುಸಿದಾಗ ಬ್ಯಾಡಗಿ ಎಪಿಎಂಸಿಯಲ್ಲಿ ರೈತರ ಸಿಟ್ಟು ಕಲ್ಲು-ಬೆಂಕಿಯಾಗಿ ಸ್ಫೋಟಿಸಿತು, ವಾಹನಗಳು ಸುಟ್ಟವು. ದರದ ಒಂದು ಅಂಕಣದ ಹಿಂದೆ ಎಷ್ಟು ಮನೆಗಳ ವರ್ಷದ ದುಡಿಮೆ ಇದೆ ಅಂತ ತಿಳಿದ ಹುಡುಗ ಆ ಅಂಕಣವನ್ನು ಬೇಕಾಬಿಟ್ಟಿ ಸರಾಸರಿ ಮಾಡುವುದಿಲ್ಲ.

ಒಬ್ಬ ದಲಾಲಿ ಅಂಗಡಿಯವರನ್ನೋ ಬೆಳೆಗಾರರನ್ನೋ ಒಪ್ಪಿಸಿ. ಸೆಮಿಸ್ಟರಿನಲ್ಲಿ ಎರಡು ಸಲ ಬಂದರೆ ಸಾಕು, ಉಳಿದಂತೆ ಅವರ ಪರವಾಗಿ ನೀವೇ ಪ್ರಾಡಕ್ಟ್ ಓನರ್ (ಏನು ಬೇಕು, ಯಾವುದು ಮೊದಲು ಅಂತ ಹೇಳುವವರು) ಆಗಿ. ಒಂದು ಮಾತು ನೆನಪಿಡಿ: ಬ್ಯಾಡಗಿಯಲ್ಲಿ ದೊಡ್ಡ ವಹಿವಾಟು ಸೋಮವಾರ ಮತ್ತು ಗುರುವಾರ. ಆ ದಿನ ಯಾರನ್ನೂ ಕರೆಯಬೇಡಿ. ಬದಲಿಗೆ ಹುಡುಗರನ್ನೇ ಅಂಥದೊಂದು ದಿನ ಕರೆದುಕೊಂಡು ಹೋಗಿ. ಟೆಂಡರ್ ಬರೆಯುವುದು, ಚೀಲ ಬಿಚ್ಚಿ ಬಣ್ಣ ನೋಡುವುದು, ಕಾಯಿ ಹಿಚುಕಿ ತೇವಾಂಶ ಅಂದಾಜು ಮಾಡುವುದು ಇವನ್ನು ಕಣ್ಣಾರೆ ಕಂಡರೆ ದರಪಟ್ಟಿಯ ಪ್ರತಿ ಅಂಕಿಗೂ ಅರ್ಥ ಬರುತ್ತದೆ.

ಅಲ್ಲಿ ಕೇಳಿದ್ದನ್ನು ಯೂಸರ್ ಸ್ಟೋರಿಯಾಗಿ, ಅಂದರೆ ಯಾರಿಗೆ ಏನು ಯಾಕೆ ಬೇಕು ಅನ್ನುವ ಚೀಟಿಯಾಗಿ, ಬರೆಸಿ, ಕನ್ನಡದಲ್ಲೇ: "ನಾನು ಮೆಣಸಿನಕಾಯಿ ಬೆಳೆಗಾರ. ಫೆಬ್ರವರಿಯಲ್ಲಿ ಮಾಲು ಮಾರಬೇಕೋ, ಕೋಲ್ಡ್ ಸ್ಟೋರೇಜಿನಲ್ಲಿ ಇಡಬೇಕೋ ತೀರ್ಮಾನಿಸಲು, ಹಿಂದಿನ ವರ್ಷಗಳಲ್ಲಿ ಇಟ್ಟವರಿಗೆ ಬಾಡಿಗೆ, ಬಡ್ಡಿ, ತೂಕದ ಇಳಿಕೆ ಕಳೆದು ಎಷ್ಟು ಉಳಿಯಿತು ಅಂತ ನೋಡಬೇಕು." ಇಂಥ 15-20 ಚೀಟಿಗಳಾದರೆ ಅದೇ ನಿಮ್ಮ ಬ್ಯಾಕ್‌ಲಾಗ್.

ಹಂತ 2: ತಂಡ ನೀವೇ ಕಟ್ಟಿ

ಗೆಳೆಯರ ಗುಂಪುಗಳಿಗೆ ಬಿಡಬೇಡಿ. ಸ್ಕ್ರಮ್ ಮಾರ್ಗಸೂಚಿ ತಂಡದಲ್ಲಿ 10 ಅಥವಾ ಅದಕ್ಕಿಂತ ಕಡಿಮೆ ಜನ ಇರಲಿ ಅನ್ನುತ್ತದೆ. ತರಗತಿಗೆ ಐದು ಸರಿ. 60 ಮಂದಿಯ ವಿಭಾಗವಾದರೆ 12 ತಂಡ. ಮೊದಲ ವಾರ ಒಂದು ಸಣ್ಣ ಫಾರ್ಮ್ ಕೊಟ್ಟು ನಾಲ್ಕು ಸಂಗತಿ ಕೇಳಿ: ಕೋಡ್ ಬರುತ್ತದೆಯೇ, ಖಾತೆ-ಲೆಕ್ಕ ಬರುತ್ತದೆಯೇ, ಮನೆಯಲ್ಲಿ ಹೊಲವೋ ಅಂಗಡಿಯೋ ಇದೆಯೇ, ದಿನಾ ಎಲ್ಲಿಂದ ಬರುತ್ತೀರಿ. ಪ್ರತಿ ತಂಡಕ್ಕೂ ಮೊದಲ ಮೂರರಲ್ಲಿ ಒಬ್ಬೊಬ್ಬರು ಬರುವಂತೆ ಹಂಚಿ.

ನಾಲ್ಕನೆಯ ಪ್ರಶ್ನೆ ಸಣ್ಣದಲ್ಲ. ಗದಗದಿಂದ ರೈಲಿನಲ್ಲಿ, ಹಾವೇರಿಯಿಂದ ಬಸ್ಸಿನಲ್ಲಿ ಓಡಾಡುವವರು ಸಂಜೆ ಆರಕ್ಕೆ ತಂಡದ ಮೀಟಿಂಗಿಗೆ ನಿಲ್ಲಲಾರರು. ಹಾಸ್ಟೆಲ್‌ನವರೇ ಸೇರಿ ಕೆಲಸ ಮುಗಿಸುತ್ತಾರೆ, ಓಡಾಡುವವರು ಹೆಸರಿಗೆ ಮಾತ್ರ ಉಳಿಯುತ್ತಾರೆ. ಆದ್ದರಿಂದ ತಂಡದ ಮುಖ್ಯ ಕೆಲಸ ಕಾಲೇಜಿನ ವೇಳೆಯಲ್ಲೇ ನಡೆಯಲಿ. ಲ್ಯಾಬ್ ಅವಧಿಯನ್ನು ಯಾವ ಕಾರಣಕ್ಕೂ ಪಾಠಕ್ಕೆ ತಗೊಳ್ಳಬೇಡಿ.

ತಂಡ ಪದ್ಧತಿಯಂತೆ ನಡೆಯುವಂತೆ ನೋಡಿಕೊಳ್ಳುವ ಸ್ಕ್ರಮ್ ಮಾಸ್ಟರ್ ಹೊಣೆ ಪ್ರತಿ ಸ್ಪ್ರಿಂಟ್‌ಗೂ ಬದಲಾಗಲಿ. ಆರು ಸ್ಪ್ರಿಂಟ್, ಐವರು ಸದಸ್ಯರು. ಎಲ್ಲರಿಗೂ ಒಮ್ಮೆ ಸಿಗುತ್ತದೆ, ಕೊನೆಯದಕ್ಕೆ ತಂಡವೇ ಆರಿಸಿಕೊಳ್ಳಲಿ. ಕೀಬೋರ್ಡಿಗೂ ಒಂದು ನಿಯಮ ಬೇಕು: ಕೋಡ್ ಚೆನ್ನಾಗಿ ಬರುವವರು ಪಕ್ಕದಲ್ಲಿ ಕೂತು ಹೇಳಬೇಕು, ಬರದವರು ಟೈಪ್ ಮಾಡಬೇಕು. ಮೊದಲ ಎರಡು ವಾರ ಕೆಲಸ ನಿಧಾನವಾಗುತ್ತದೆ, ಆಗಲಿ.

ಹಂತ 3: ಹದಿನಾರು ವಾರದ ಲೆಕ್ಕ

ಮೊದಲ ಎರಡು ವಾರ ಸಿದ್ಧತೆ: ಮಾರುಕಟ್ಟೆ ಭೇಟಿ, ತಂಡ, ಬ್ಯಾಕ್‌ಲಾಗ್, ಎಲ್ಲರ ಲ್ಯಾಪ್‌ಟಾಪಿನಲ್ಲೂ ಗೂಗಲ್ ಕೊಲ್ಯಾಬ್ (ಬ್ರೌಸರಿನಲ್ಲೇ ಪೈಥಾನ್ ಬರೆದು ಓಡಿಸುವ ತಾಣ) ಓಡುವ ಖಾತ್ರಿ. ಆಮೇಲೆ ಎರಡೆರಡು ವಾರದ ಆರು ಸ್ಪ್ರಿಂಟ್. ಕೊನೆಯ ಎರಡು ವಾರ ಅಂತಿಮ ಪ್ರಸ್ತುತಿ ಮತ್ತು ವೈವಾ.

ವಾರಕ್ಕೆ ನಾಲ್ಕು ಗಂಟೆ ಸಿಕ್ಕರೆ ಒಂದು ಸ್ಪ್ರಿಂಟ್‌ಗೆ ಎಂಟು ಗಂಟೆ. ಅದರಲ್ಲಿ ಯೋಜನೆಗೆ ಒಂದು, ಪಾಠಕ್ಕೆ ಮೂರು, ಲ್ಯಾಬಿಗೆ ಎರಡು, ರಿವ್ಯೂಗೆ ಒಂದೂವರೆ, ರೆಟ್ರೊಗೆ ಅರ್ಧ. ಪಾಠಕ್ಕೆ ಮೂರೇ ಗಂಟೆಯೇ ಅಂತ ಗಾಬರಿಯಾಗಬಹುದು. ಆ ಸ್ಪ್ರಿಂಟ್‌ಗೆ ಬೇಕಾದದ್ದನ್ನಷ್ಟೇ, ಬೇಕಾದ ವಾರವೇ ಕಲಿಸಿದರೆ ಮೂರು ಗಂಟೆ ಸಾಲುತ್ತದೆ. ರಿಗ್ರೆಶನ್ (ಒಂದು ಅಂಕಿ ಬದಲಾದರೆ ಇನ್ನೊಂದು ಎಷ್ಟು ಬದಲಾಗುತ್ತದೆ ಅನ್ನುವ ಲೆಕ್ಕ) ಬೇಕೇಬೇಕು ಅಂತ ತಂಡಕ್ಕೆ ಅನ್ನಿಸಿದ ದಿನ ಕಲಿಸಿದ ರಿಗ್ರೆಶನ್ ತಲೆಗೆ ಹತ್ತುತ್ತದೆ.

ಹಂತ 4: ಬೋರ್ಡು ಮತ್ತು "ಮುಗೀತು" ಅನ್ನುವ ಮಾತು

ಟ್ರೆಲ್ಲೊ ಎಂಬ ಆನ್‌ಲೈನ್ ಬೋರ್ಡು ಉಚಿತವಾಗಿ ಸಿಗುತ್ತದೆ, ಆದರೂ ನನ್ನ ಒಲವು ಗೋಡೆಗೆ ಅಂಟಿಸಿದ ಡ್ರಾಯಿಂಗ್ ಶೀಟಿನ ಕಡೆ. ಮೂರು ಅಂಕಣ ಎಳೆಯಿರಿ: ಮಾಡಬೇಕು, ನಡೀತಿದೆ, ಮುಗೀತು. ಬಣ್ಣದ ಚೀಟಿ ಅಂಟಿಸಿ. ತರಗತಿಯೊಳಗೆ ಕಾಲಿಟ್ಟ ಕೂಡಲೇ ಯಾವ ತಂಡ ಎಲ್ಲಿ ನಿಂತಿದೆ ಅಂತ ನಿಮಗೂ ಕಾಣುತ್ತದೆ, ಅವರಿಗೂ ಕಾಣುತ್ತದೆ. "ನಡೀತಿದೆ" ಅಂಕಣದಲ್ಲಿ ಒಂದು ಹೊತ್ತಿಗೆ ಮೂರಕ್ಕಿಂತ ಹೆಚ್ಚು ಚೀಟಿ ಬೇಡ. ಈ ಮಿತಿ ಇಲ್ಲದಿದ್ದರೆ ಐವರೂ ಐದು ಕೆಲಸ ಶುರು ಮಾಡಿ ಒಂದನ್ನೂ ಮುಗಿಸುವುದಿಲ್ಲ.

"ಮುಗೀತು" ಅಂದರೆ ಏನು ಅನ್ನುವುದನ್ನು ಬೋರ್ಡಿನ ಕೆಳಗೆ ದಪ್ಪ ಅಕ್ಷರದಲ್ಲಿ ಬರೆಸಿ. ನಾನು ಸೂಚಿಸುವ ಷರತ್ತುಗಳು ನಾಲ್ಕು. ಕೋಡ್ ಬೇರೆಯವರ ಲ್ಯಾಪ್‌ಟಾಪಿನಲ್ಲೂ ಓಡಿ ಅದೇ ಉತ್ತರ ಕೊಡಬೇಕು. ಅದನ್ನು ಬರೆಯದ ಸದಸ್ಯರೊಬ್ಬರು ಅದನ್ನು ವಿವರಿಸಬಲ್ಲವರಾಗಿರಬೇಕು. ಉತ್ತರ ಎರಡು ಸಾಲಿನ ಕನ್ನಡದಲ್ಲಿ ಬರೆದಿರಬೇಕು. ಈ ಉತ್ತರ ಯಾವುದನ್ನು ಹೇಳಲಾರದು ಅಂತ ಮೂರನೆಯ ಸಾಲು ಇರಬೇಕು. ಈ ಮೂರನೆಯ ಸಾಲಿಗಾಗಿ ಹಟ ಹಿಡಿಯಿರಿ. ದರದ ಪಟ್ಟಿ ನೋಡಿ "ಇಡಿ" ಅಂತ ಹೇಳುವ ವಿಶ್ಲೇಷಕನಿಗೆ, ಕೋಲ್ಡ್ ಸ್ಟೋರೇಜಿನಲ್ಲಿ ಈಗಾಗಲೇ ಎಷ್ಟು ಮಾಲು ಕೂತಿದೆ ಅನ್ನುವುದು ಆ ಪಟ್ಟಿಯಲ್ಲಿ ಇಲ್ಲ ಅಂತ ಗೊತ್ತಿರಬೇಕು.

ಅನಲಿಟಿಕ್ಸ್‌ನಲ್ಲಿ ಕೆಲವು ಚೀಟಿಗಳಿಗೆ ಉತ್ತರ ಸಿಗುವುದಿಲ್ಲ. "ಮಳೆಗೂ ದರಕ್ಕೂ ಸಂಬಂಧ ಇದೆಯೇ" ಅಂತ ಹೊರಟವರಿಗೆ ಏನೂ ಕಾಣದೆ ಇರಬಹುದು. ಇಂಥದಕ್ಕೆ ಮೊದಲೇ ಸಮಯ ಕಟ್ಟಿ, ನಾಲ್ಕು ಗಂಟೆ ಅಂತ. ಅಷ್ಟರೊಳಗೆ ಸಂಬಂಧ ಕಾಣದಿದ್ದರೆ ಅದನ್ನೇ ಬರೆದು ಚೀಟಿ ಮುಗಿಸಲಿ. ಅಂಕ ಕಡಿಯಬೇಡಿ. ಕಡಿದರೆ ಮುಂದಿನ ಸಲ ಇಲ್ಲದ ಸಂಬಂಧವನ್ನು ಹುಟ್ಟಿಸಿಕೊಂಡು ಬರುತ್ತಾರೆ.

ಹಂತ 5: ನಿಂತು ಮಾತಾಡುವ ಹದಿನೈದು ನಿಮಿಷ

ಪ್ರತಿ ತರಗತಿಯ ಆರಂಭದಲ್ಲಿ ತಂಡಗಳು ತಮ್ಮ ತಮ್ಮ ಬೋರ್ಡಿನ ಮುಂದೆ ನಿಲ್ಲಲಿ. ಹದಿನೈದು ನಿಮಿಷಕ್ಕಿಂತ ಒಂದು ನಿಮಿಷವೂ ಹೆಚ್ಚು ಬೇಡ. ಸ್ಕ್ರಮ್‌ನಲ್ಲಿ ಬಹಳ ಕಾಲ ಮೂರು ಪ್ರಶ್ನೆಗಳ ವಾಡಿಕೆ ಇತ್ತು. 2020ರ ಮಾರ್ಗಸೂಚಿ ಅವನ್ನು ಕೈಬಿಟ್ಟು, ತಂಡ ತನಗೆ ತಕ್ಕಂತೆ ನಡೆಸಲಿ ಅಂದಿತು. ಕಲಿಯುವವರಿಗೆ ಆ ಮೂರು ಪ್ರಶ್ನೆಯೇ ಒಳ್ಳೆಯದು: "ನಿನ್ನಿ ಏನ್ ಮಾಡಿದ್ರಿ? ಇವತ್ತ ಏನ್ ಮಾಡ್ತೀರಿ? ಎಲ್ಲಿ ಸಿಕ್ಕಾಕ್ಕೊಂಡೀರಿ?"

ಹೌದು, ಧಾರವಾಡ ಕನ್ನಡದಲ್ಲೇ. ನನ್ನ ಮಟ್ಟಿಗೆ ಇಡೀ ಪದ್ಧತಿಯಲ್ಲಿ ಅತಿ ಮುಖ್ಯವಾದ ತೀರ್ಮಾನ ಇದು. ರಿಪೋರ್ಟು ಇಂಗ್ಲಿಷಿನಲ್ಲಿ ಇರಲಿ, ಅಂತಿಮ ಪ್ರಸ್ತುತಿ ಇಂಗ್ಲಿಷಿನಲ್ಲಿ ಆಗಲಿ; ಕ್ಯಾಂಪಸ್ ಸಂದರ್ಶನಕ್ಕೆ ಅದು ಬೇಕು. ಸ್ಟ್ಯಾಂಡಪ್ ಮಾತ್ರ ಮನೆಯ ಮಾತಿನಲ್ಲಿ ನಡೆಯಲಿ. "ಸರ್, ಡಬ್ಬಿ ಮತ್ತ ಕಡ್ಡಿ ಒಂದ ಅಲ್ಲರೀ, ಇವ್ರು ಕೂಡಿಸಿ ಸರಾಸರಿ ತಗದಾರ್ರೀ" ಅಂತ ಎರಡು ಮೆಣಸಿನಕಾಯಿ ತಳಿಗಳ ವ್ಯತ್ಯಾಸ ಹೇಳಲು ಬ್ಯಾಡಗಿ ಸುತ್ತಿನ ಹುಡುಗಿಗೆ ಇಂಗ್ಲಿಷ್ ಬೇಕಾಗಿಲ್ಲ. ಆ ಒಂದು ಮಾತು ಬರದಿದ್ದರೆ ಇಡೀ ತಂಡದ ಕೆಲಸ ತಪ್ಪು ದಾರಿ ಹಿಡಿಯುತ್ತದೆ.

12 ತಂಡಗಳನ್ನು ಒಂದೇ ದಿನ ಕೇಳಲಾಗದು. ದಿನಕ್ಕೆ ಮೂರು ತಂಡದ ಪಕ್ಕ ನಿಂತು ಕೇಳಿ. ನಡುವೆ ಬಾಯಿ ಹಾಕಬೇಡಿ, ಅವರು ನಿಮ್ಮ ಕಡೆ ತಿರುಗಿ ವರದಿ ಒಪ್ಪಿಸಲು ಶುರು ಮಾಡಿದರೆ ಮುಂದಿನ ತಂಡಕ್ಕೆ ಹೋಗಿ. ತರಗತಿ ಇಲ್ಲದ ದಿನ ತಂಡದ ವಾಟ್ಸಾಪ್ ಗುಂಪಿನಲ್ಲಿ ಒಂದು ನಿಮಿಷದ ವಾಯ್ಸ್ ನೋಟ್ ಸಾಕು.

ಹಂತ 6: ಆರು ಸ್ಪ್ರಿಂಟ್‌ಗಳಲ್ಲಿ ಏನೇನು

ಅನಲಿಟಿಕ್ಸ್ ಪುಸ್ತಕಗಳಲ್ಲಿ ಕ್ರಿಸ್ಪ್-ಡಿಎಂ ಎಂಬ ಆರು ಘಟ್ಟಗಳ ಚಿತ್ರ ಇರುತ್ತದೆ: ವ್ಯವಹಾರದ ಅರಿವು, ಡೇಟಾದ ಅರಿವು, ಡೇಟಾ ಸಿದ್ಧತೆ, ಮಾಡೆಲಿಂಗ್, ಮೌಲ್ಯಮಾಪನ, ಬಳಕೆಗೆ ತರುವುದು. ಆರು ಘಟ್ಟ, ಆರು ಸ್ಪ್ರಿಂಟ್ ಅಂತ ಹೊಂದಿಸುವ ಆಸೆಯಾಗುತ್ತದೆ. ಹಾಗೆ ಮಾಡಬೇಡಿ. ಪ್ರತಿ ಸ್ಪ್ರಿಂಟ್‌ನಲ್ಲೂ ಆರೂ ಘಟ್ಟಗಳನ್ನು ಸಣ್ಣದಾಗಿ ಸುತ್ತಿ ಬರಬೇಕು. ಹತ್ತು ವಾರ ಬರೀ ಡೇಟಾ ತೊಳೆದವರು ವ್ಯಾಪಾರಿಯ ಮುಂದೆ ನಿಲ್ಲುವಾಗ ತಿದ್ದಿಕೊಳ್ಳಲು ವೇಳೆ ಇರುವುದಿಲ್ಲ.

ಮೊದಲ ಸ್ಪ್ರಿಂಟ್: ಎಕ್ಸೆಲ್ ಮಾತ್ರ. ಒಂದು ವರ್ಷದ ಡೇಟಾ, ಒಂದು ತಳಿ, ಒಂದು ಚಾರ್ಟ್, ಒಂದು ಉತ್ತರ: ಯಾವ ತಿಂಗಳು ಆವಕ ಹೆಚ್ಚು, ಆಗ ದರ ಏನಾಯಿತು. ಕೋಡ್ ಬಾರದವರು ಇಲ್ಲಿ ಮುಂದೆ ನಿಲ್ಲುತ್ತಾರೆ, ಅದೇ ಬೇಕಾದದ್ದು.

ಎರಡನೆಯದು ಶ್ರೀಮಂತವಾದ ಸ್ಪ್ರಿಂಟ್, ಇಲ್ಲಿ ನಿಧಾನಿಸಿ. ಎಲ್ಲ ತಳಿಗಳನ್ನೂ ತನ್ನಿ: ಕಡ್ಡಿ, ಡಬ್ಬಿ, ಗುಂಟೂರು. 2011ರಲ್ಲಿ ಭೌಗೋಳಿಕ ಗುರುತು ಪಡೆದ ಬ್ಯಾಡಗಿ ಕಾಯಿಗೆ ಕಡುಗೆಂಪು ಬಣ್ಣವೇ ಬೆಲೆ, ಖಾರ ಕಡಿಮೆ. ಗುಂಟೂರು ಖಾರದ ಕಾಯಿ, ಸಾಮಾನ್ಯವಾಗಿ ಅಗ್ಗ. ಇವೆಲ್ಲ ಒಂದೇ ಮಾರುಕಟ್ಟೆಗೆ ಬರುತ್ತವೆ. ಲೆಕ್ಕಕ್ಕೆ ಒಂದು ಕಾಲ್ಪನಿಕ ಉದಾಹರಣೆ ಕೊಡಿ: ಒಂದು ವಾರ 80 ಕ್ವಿಂಟಲ್ ಡಬ್ಬಿ ₹30,000 ದರದಲ್ಲಿ, 20 ಕ್ವಿಂಟಲ್ ಗುಂಟೂರು ₹15,000 ದರದಲ್ಲಿ ಮಾರಾಟವಾಯಿತು. ಒಟ್ಟು ಸರಾಸರಿ ₹27,000. ಮುಂದಿನ ವಾರ ದರ ಎರಡಕ್ಕೂ ಅಷ್ಟೇ, ಆದರೆ ಡಬ್ಬಿ 40, ಗುಂಟೂರು 60 ಕ್ವಿಂಟಲ್. ಸರಾಸರಿ ₹21,000. ಯಾವ ರೈತನಿಗೂ ಒಂದು ರೂಪಾಯಿ ಕಡಿಮೆ ಸಿಕ್ಕಿಲ್ಲ, ಚಾರ್ಟ್ ಮಾತ್ರ ₹6,000 ಕುಸಿತ ತೋರಿಸುತ್ತದೆ. ಈ ಒಂದು ಲೆಕ್ಕವನ್ನು ಬೋರ್ಡಿನ ಮೇಲೆ ಮಾಡಿಸಿದರೆ, ಗುಂಪುಗಳನ್ನು ಬೇರ್ಪಡಿಸಿ ನೋಡುವ ಪಾಠವನ್ನು ಮತ್ತೆ ಹೇಳಬೇಕಾಗುವುದಿಲ್ಲ.

ಇದೇ ಸ್ಪ್ರಿಂಟ್‌ನಲ್ಲಿ ಡೇಟಾದ ಕೊಳೆಯೂ ಕಾಣುತ್ತದೆ. ವಹಿವಾಟು ಇಲ್ಲದ ದಿನಗಳನ್ನು ಶೂನ್ಯ ಅಂತ ತುಂಬಿದರೆ ಸರಾಸರಿ ಹಾಳು. ಮಾದರಿ ದರ ಅಂದರೆ ಹೆಚ್ಚಿನ ಮಾಲು ಹೋದ ದರ, ತೂಕಕ್ಕೆ ತಕ್ಕ ಸರಾಸರಿಯಲ್ಲ. ಕನಿಷ್ಠ-ಗರಿಷ್ಠದ ನಡುವಿನ ದೊಡ್ಡ ಅಂತರ ಗುಣಮಟ್ಟದ ಕಥೆ ಹೇಳುತ್ತದೆ. ಅದನ್ನು ದೋಷ ಅಂತ ಅಳಿಸಬಾರದು.

ಮೂರನೆಯ ಸ್ಪ್ರಿಂಟ್‌ನಲ್ಲಿ ಪೈಥಾನ್, ಜೊತೆಗೆ ಕೋಲ್ಡ್ ಸ್ಟೋರೇಜ್ ಪ್ರಶ್ನೆ. ಬಿ.ಕಾಂ ಓದಿದವರು ಬಡ್ಡಿ, ಬಾಡಿಗೆ, ತೂಕದ ಇಳಿಕೆಯ ಲೆಕ್ಕ ಕಟ್ಟುತ್ತಾರೆ, ಇಂಜಿನಿಯರಿಂಗ್‌ನವರು ಅದನ್ನು ಎಲ್ಲ ವರ್ಷಗಳಿಗೂ ಓಡಿಸುತ್ತಾರೆ. ಒಬ್ಬರಿಲ್ಲದೆ ಇನ್ನೊಬ್ಬರಿಗೆ ಆಗದ ಕೆಲಸ.

ನಾಲ್ಕನೆಯದರಲ್ಲಿ ಮುನ್ಸೂಚನೆ. ಮೊದಲ ಚೀಟಿ ಯಾವಾಗಲೂ ಇದೇ ಇರಲಿ: "ಮುಂದಿನ ವಹಿವಾಟಿನ ದರ ಕಳೆದ ವಹಿವಾಟಿನ ದರದಷ್ಟೇ" ಅಂತ ಊಹಿಸಿದರೆ ಎಷ್ಟು ತಪ್ಪುತ್ತದೆ? ಇದನ್ನು ಸೋಲಿಸದ ಮಾಡೆಲ್‌ಗೆ ಎಷ್ಟು ದೊಡ್ಡ ಹೆಸರಿದ್ದರೂ ಬೋರ್ಡಿನಲ್ಲಿ ಜಾಗವಿಲ್ಲ. ತರಬೇತಿಗೆ ಹಿಂದಿನ ವರ್ಷಗಳು, ಪರೀಕ್ಷೆಗೆ ಕೊನೆಯ ಹಂಗಾಮು. ಸಾಲುಗಳನ್ನು ಕಲಸಿ ಯಾದೃಚ್ಛಿಕವಾಗಿ ಹಂಚಿದರೆ ನಾಳಿನ ದರ ಇಂದಿನ ಮಾಡೆಲ್‌ಗೆ ಸೋರಿಹೋಗುತ್ತದೆ. ತಪ್ಪಿನ ಪ್ರಮಾಣವನ್ನು ಕ್ವಿಂಟಲ್‌ಗೆ ಇಷ್ಟು ರೂಪಾಯಿ ಅಂತ ಹೇಳಿಸಿ, ದಲಾಲಿ ಅಂಗಡಿಯವರಿಗೆ ಅರ್ಥವಾಗುವುದು ಅದೇ.

ಐದನೆಯದು ಉತ್ತರಗಳನ್ನು ಒಂದೇ ಪರದೆಯ ಮೇಲೆ ಚಾರ್ಟುಗಳಾಗಿ ತೋರಿಸುವ ಪವರ್ ಬಿಐ ಡ್ಯಾಶ್‌ಬೋರ್ಡ್, ಆರನೆಯದು ವ್ಯಾಪಾರಿ ತಿದ್ದಿ ಹೇಳಿದ್ದನ್ನು ಸರಿಪಡಿಸಲು.

ಹಂತ 7: ರಿವ್ಯೂ ಮತ್ತು ರೆಟ್ರೊ

12 ತಂಡಗಳೂ ಸಾಲಾಗಿ ಪಿಪಿಟಿ ತೋರಿಸಿದರೆ ಮೂರನೆಯದರ ಹೊತ್ತಿಗೆ ತರಗತಿ ಮಲಗುತ್ತದೆ. ಪಿಪಿಟಿಯನ್ನೇ ಕೈಬಿಡಿ. ಪ್ರತಿ ತಂಡ ಒಂದು ಚಾರ್ಟ್ ಮತ್ತು ಮೂರು ಸಾಲನ್ನು ಗೋಡೆಗೆ ಅಂಟಿಸಲಿ, ಇಬ್ಬರು ಅಲ್ಲೇ ನಿಲ್ಲಲಿ, ಉಳಿದವರು ಬೇರೆ ತಂಡಗಳ ಗೋಡೆ ಸುತ್ತಿ ಪ್ರಶ್ನೆ ಕೇಳಲಿ. ಅರ್ಧ ಹೊತ್ತಿಗೆ ನಿಲ್ಲುವವರು ಬದಲಾಗಲಿ. ಎರಡನೆಯ ಮತ್ತು ಐದನೆಯ ಸ್ಪ್ರಿಂಟ್ ಕೊನೆಗೆ ಹೊರಗಿನ ಅತಿಥಿ ಬರಲಿ. ಬಂದವರಿಗೆ ಸಾರ್ ಮೇಡಂಗಳ ಸ್ವಾಗತ ಭಾಷಣ, ಶಾಲು ಹಾರ ಬೇಡ; ಚಹಾ ಕೊಟ್ಟು ನೇರವಾಗಿ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ. ಅವರು "ಇದು ನಮಗ ಗೊತ್ತಿದ್ದದ್ದ ಐತಿ" ಅಂದರೆ ಅದೂ ಬೆಲೆಯುಳ್ಳ ಮಾತು, ಬ್ಯಾಕ್‌ಲಾಗಿಗೆ ಬರೆದುಕೊಳ್ಳಲಿ.

ರೆಟ್ರೊ ನಮ್ಮಲ್ಲಿ ಕಷ್ಟ. ಗೆಳೆಯನ ಬಗ್ಗೆ ಸರ್ ಮುಂದೆ ಯಾರೂ ಕಂಪ್ಲೇಂಟ್ ಹೇಳುವುದಿಲ್ಲ, ಹೇಳಲೂ ಬಾರದು ಅನ್ನುವ ಸಂಸ್ಕಾರ. ಆದ್ದರಿಂದ ಆ ಅರ್ಧ ಗಂಟೆ ನೀವು ಕೋಣೆಯಿಂದ ಹೊರಗಿರಿ. ಹೆಸರಿಲ್ಲದ ಚೀಟಿಯಲ್ಲಿ ಒಂದು ಒಳ್ಳೆಯದು, ಒಂದು ಅಡ್ಡಿ ಬರೆಯಲಿ. ಸ್ಕ್ರಮ್ ಮಾಸ್ಟರ್ ಓದಲಿ. ಕೊನೆಗೆ ಮುಂದಿನ ಸ್ಪ್ರಿಂಟ್‌ಗೆ ಒಂದೇ ಒಂದು ಬದಲಾವಣೆ ಬೋರ್ಡಿನ ಮೇಲೆ ಬರಲಿ. ನೀವು ನೋಡಬೇಕಾದದ್ದು ಆ ಒಂದು ಸಾಲು ಮಾತ್ರ.

ಅಂಕ ಹೇಗೆ

50 ಇಂಟರ್ನಲ್ ಅಂಕ ಇದ್ದರೆ ತಂಡದ ಕೆಲಸಕ್ಕೆ 20, ವೈಯಕ್ತಿಕಕ್ಕೆ 20, ಸಹಪಾಠಿಗಳ ಮೌಲ್ಯಮಾಪನಕ್ಕೆ 10. ತಂಡದ ಅಂಕ ಮಾಡೆಲ್‌ನ ನಿಖರತೆಗೆ ಬೇಡ, ನಾಲ್ಕು ಷರತ್ತು ಪೂರೈಸಿ ಮುಗಿಸಿದ ಚೀಟಿಗಳಿಗೆ ಕೊಡಿ. ವೈಯಕ್ತಿಕ ಅಂಕಕ್ಕೆ ರಿವ್ಯೂ ನಡೆಯುವಾಗಲೇ ಒಬ್ಬರನ್ನು ಕರೆದು ಕೊಲ್ಯಾಬ್ ನೋಟ್‌ಬುಕ್ಕಿನ ಯಾವುದೋ ಒಂದು ಸೆಲ್ (ಕೋಡಿನ ತುಣುಕು) ತೋರಿಸಿ "ಇದನ್ನ ತಗದ್ರ ಏನಾಗ್ತದ?" ಅಂತ ಕೇಳಿ. ಚಾಟ್‌ಬಾಟ್ ಬರೆದುಕೊಟ್ಟ ಕೋಡ್ ಇರಲಿ, ಗೆಳೆಯ ಬರೆದುಕೊಟ್ಟದ್ದಿರಲಿ, ಈ ಪ್ರಶ್ನೆಗೆ ಅರ್ಥ ಮಾಡಿಕೊಂಡವರು ಮಾತ್ರ ಉತ್ತರಿಸುತ್ತಾರೆ. ಉತ್ತರ ಕನ್ನಡದಲ್ಲಿ ಬಂದರೂ ಪೂರ್ಣ ಅಂಕ.

ಸಹಪಾಠಿ ಮೌಲ್ಯಮಾಪನದಲ್ಲಿ ಪ್ರತಿಯೊಬ್ಬರೂ 100 ಅಂಕವನ್ನು ಉಳಿದ ನಾಲ್ವರಿಗೆ ಹಂಚಬೇಕು. ಎಲ್ಲರೂ ಸಮನಾಗಿ ದುಡಿದಿದ್ದರೆ ತಲೆಗೆ 25. ಯಾರಿಗಾದರೂ ಸರಾಸರಿ 15ಕ್ಕಿಂತ ಕೆಳಗೆ ಬಂದರೆ ಅಂಕ ಕಡಿಯುವ ಮೊದಲು ಕರೆದು ಮಾತಾಡಿಸಿ. ಮನೆಯಲ್ಲಿ ಕಾಯಿಲೆ, ಸುಗ್ಗಿ, ಬಸ್ಸು, ಪಾರ್ಟ್ ಟೈಮ್ ಕೆಲಸ, ಕಾರಣ ಏನೂ ಇರಬಹುದು. ಮೂರನೆಯ ಸ್ಪ್ರಿಂಟ್ ಕೊನೆಗೆ ಒಮ್ಮೆ ಇದನ್ನು ಅಂಕವಿಲ್ಲದೆ ನಡೆಸಿದರೆ ತಿದ್ದಿಕೊಳ್ಳಲು ಅವಕಾಶ ಉಳಿಯುತ್ತದೆ.

ಮೊದಲ ಸಲ ಒಂದೇ ವಿಭಾಗದಲ್ಲಿ, ಒಂದೇ ಮಾರುಕಟ್ಟೆಯ ಡೇಟಾದಲ್ಲಿ ಮಾಡಿ. ಎರಡನೆಯ ವರ್ಷ ಗದಗದ ಹೆಸರುಕಾಳು, ಹುಬ್ಬಳ್ಳಿಯ ಹತ್ತಿ ಸೇರಿಸಬಹುದು. ಬಸ್ ಪ್ರಯಾಣಿಕರ ಡೇಟಾ ಕೈಗೆ ಸಿಕ್ಕರೆ 2023ರ ಜೂನ್ 11ಕ್ಕೆ ಶಕ್ತಿ ಯೋಜನೆ ಶುರುವಾದದ್ದನ್ನು ಮರೆಯದೆ, ಹಿಂದಿನ ಮತ್ತು ಮುಂದಿನ ಅವಧಿಯನ್ನು ಬೇರೆ ಬೇರೆ ನೋಡಿಸಿ.

ಸೆಮಿಸ್ಟರ್ ಮುಗಿಯುವ ವಾರ ಪ್ರತಿ ತಂಡದಿಂದ ಮೂರು ವಸ್ತು ಇಸಿದುಕೊಳ್ಳಿ: ಬೇರೆಯವರ ಲ್ಯಾಪ್‌ಟಾಪಿನಲ್ಲೂ ಓಡುವ ನೋಟ್‌ಬುಕ್, ಮುಗಿಯದೆ ಉಳಿದ ಚೀಟಿಗಳ ಪಟ್ಟಿ, ಪ್ರಶ್ನೆ ಕೇಳಿದ ರೈತನಿಗೋ ವ್ಯಾಪಾರಿಗೋ ಕೊಡುವ ಒಂದು ಪುಟದ ಕನ್ನಡ ಉತ್ತರ. ಪುಟವನ್ನು ತಂಡವೇ ಹೋಗಿ ಕೈಗೆ ಕೊಟ್ಟು ಬರಲಿ. ನೋಟ್‌ಬುಕ್ ಮತ್ತು ಚೀಟಿಗಳು ವಿಭಾಗದ ಗೂಗಲ್ ಡ್ರೈವಿನಲ್ಲಿ ಉಳಿಯಲಿ. ಮುಂದಿನ ಬ್ಯಾಚಿನ ಬ್ಯಾಕ್‌ಲಾಗ್ ಶುರುವಾಗುವುದು ಅಲ್ಲಿಂದಲೇ.